ಲೀನಿಯರ್ ಆಲ್ಜಿಬ್ರಾ ಓದುವುದು ಹೇಗೆ: ಒಂದೇ ಮ್ಯಾಟ್ರಿಕ್ಸ್ ಹಿಡಿದು ಇಡೀ ಸೆಮಿಸ್ಟರ್

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳ ವಿದ್ಯಾರ್ಥಿಗಳು ಪ್ರತಿ ಸೆಮಿಸ್ಟರ್‌ನಲ್ಲೂ ಕೇಳುವ ಪ್ರಶ್ನೆ ಒಂದೇ: “ಮೊದಲ ಇಂಟರ್ನಲ್ಸ್‌ನಲ್ಲಿ ಮ್ಯಾಟ್ರಿಕ್ಸ್ ಲೆಕ್ಕ ಎಲ್ಲಾ ಬಂತು. ವೆಕ್ಟರ್ ಸ್ಪೇಸ್ ಶುರುವಾದ ಮೇಲೆ ಏನೂ ತಲೆಗೆ ಹತ್ತುತ್ತಿಲ್ಲ. ಹೇಗೆ ಓದಲಿ?” ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾನಿಲಯದ ಕೆಳಗೆ ಬಿ.ಎಸ್ಸಿ. ಓದುವವರೂ ಕೇಳುತ್ತಾರೆ, ವಿಟಿಯು ಪಠ್ಯಕ್ರಮದ ಎಂಜಿನಿಯರಿಂಗ್‌ನವರೂ ಕೇಳುತ್ತಾರೆ. ಪಠ್ಯಕ್ರಮ ಬೇರೆ ಬೇರೆ ಇದ್ದರೂ ಮುಗ್ಗರಿಸುವ ಜಾಗ ಒಂದೇ.

ಕಾರಣ ಹೀಗಿದೆ. ಈ ವಿಷಯದ ಮೊದಲ ಭಾಗ ಕೈಕೆಲಸ: ಕೂಡಿಸು, ಕಳೆ, ಸೊನ್ನೆ ಮಾಡು. ಎರಡನೆಯ ಭಾಗ ವ್ಯಾಖ್ಯೆಗಳದ್ದು: ಸಬ್‌ಸ್ಪೇಸ್, ಬೇಸಿಸ್, ಡೈಮೆನ್ಷನ್. ಇವೆರಡೂ ಬೇರೆ ಬೇರೆ ಅಧ್ಯಾಯ ಅಂದುಕೊಂಡು ಓದುವವರು ಎರಡನೆಯದರಲ್ಲಿ ಬಾಯಿಪಾಠಕ್ಕೆ ಇಳಿಯುತ್ತಾರೆ. ನಿಜದಲ್ಲಿ ಎರಡನೆಯ ಭಾಗದ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಸಿಗುವುದು ಮೊದಲ ಭಾಗದಲ್ಲಿ ಕಲಿತ ಅದೇ ಕೈಕೆಲಸದಿಂದ. ಹಾಗಾಗಿ ನಮ್ಮ ಸಲಹೆ ಇಷ್ಟು: ಒಂದು ಮ್ಯಾಟ್ರಿಕ್ಸ್ ಆರಿಸಿಕೊಳ್ಳಿ. ಹೊಸ ಪದ ಬಂದಾಗಲೆಲ್ಲ ಅದೇ ಮ್ಯಾಟ್ರಿಕ್ಸ್ ಮೇಲೆ ಅದನ್ನು ಹಚ್ಚಿ ನೋಡಿ. ಈ ಲೇಖನದಲ್ಲಿ ಬಳಸುವುದು ಇದು:

1  2  1  3
2  4  3  8
3  6  4  11

ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ. ಇದನ್ನು ಮುಂದೆ ‘ನಮ್ಮ ಮ್ಯಾಟ್ರಿಕ್ಸ್’ ಎಂದು ಕರೆಯೋಣ.

ಮೊದಲು ಬೇಕಾದದ್ದು

ಕ್ಯಾಲ್ಕುಲಸ್ ಹೆಚ್ಚೇನೂ ಬೇಡ. ಭಿನ್ನರಾಶಿ ತಡವರಿಸದೆ ಬರಬೇಕು, ಮೈನಸ್ ಚಿಹ್ನೆ ಕೈ ತಪ್ಪಬಾರದು, ವರ್ಗ ಸಮೀಕರಣ ಬಿಡಿಸಲು ಬರಬೇಕು. ಈ ಮೂರರಲ್ಲಿ ಯಾವುದು ಸಡಿಲವಾಗಿದ್ದರೂ ಮೊದಲ ವಾರದಲ್ಲೇ ಸರಿಮಾಡಿಕೊಳ್ಳಿ. ಐಗನ್‌ವ್ಯಾಲ್ಯೂ ಲೆಕ್ಕದಲ್ಲಿ ಅಂಕ ಹೋಗುವುದು ಹೆಚ್ಚಾಗಿ ಹೈಸ್ಕೂಲಿನ ತಪ್ಪುಗಳಿಂದಲೇ.

ಇನ್ನೊಂದು ಬೇಕು: ಚೌಕುಳಿ ಹಾಳೆಯ ನೋಟ್‌ಬುಕ್. ಚಿಕ್ಕ ಮಕ್ಕಳು ಲೆಕ್ಕ ಬರೆಯುವ ಪುಸ್ತಕದಂಥದ್ದು. ಒಂದು ಚೌಕಕ್ಕೆ ಒಂದು ಅಂಕಿ ಬರೆದರೆ ಕಾಲಂಗಳು ನೆಟ್ಟಗೆ ಕೂರುತ್ತವೆ. ಗೆರೆ ಹಾಳೆಯಲ್ಲಿ ಬರೆದಾಗ ನಾಲ್ಕನೆಯ ಹಂತಕ್ಕೆ ಬರುವಷ್ಟರಲ್ಲಿ ಮೂರನೆಯ ಕಾಲಂನ ಅಂಕಿ ಎರಡನೆಯದರ ಕೆಳಗೆ ಸರಿದಿರುತ್ತದೆ, ತಪ್ಪು ಎಲ್ಲಿ ಆಯಿತೆಂದು ಆಮೇಲೆ ಹುಡುಕಲೂ ಆಗುವುದಿಲ್ಲ.

ಹಂತ 1: ಪದಗಳನ್ನು ಎರಡು ರೂಪದಲ್ಲಿ ಕಲಿಯಿರಿ

ಜಗಳೂರು, ಚಳ್ಳಕೆರೆ, ಹೊಸದುರ್ಗದ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮೊದಲ ತಿಂಗಳು ಕಷ್ಟವಾಗುವುದು ಗಣಿತದಿಂದಲ್ಲ, ಪದಗಳಿಂದ. ನಿಮಗೆ ಗೊತ್ತಿರುವುದೇ ಬೇರೆ ಹೆಸರಿನಲ್ಲಿ ಬರುತ್ತಿರುತ್ತದೆ. ಮಾತೃಕೆ ಅಂದರೆ ಮ್ಯಾಟ್ರಿಕ್ಸ್. ನಿರ್ಧಾರಕ ಅಂದರೆ ಡಿಟರ್ಮಿನೆಂಟ್. ಸದಿಶ ಅಂದರೆ ವೆಕ್ಟರ್, ಅದಿಶ ಅಂದರೆ ಸ್ಕೇಲಾರ್. ಅಡ್ಡಸಾಲು ರೋ, ಕಂಬಸಾಲು ಕಾಲಂ. ‘ಮ್ಯಾಟ್ರಿಕ್ಸ್’ ಎಂಬ ಹೆಸರನ್ನು ಗಣಿತಕ್ಕೆ ತಂದವರು ಸಿಲ್ವೆಸ್ಟರ್, 1850ರಲ್ಲಿ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಗರ್ಭ ಎಂಬ ಅರ್ಥವಿದೆ, ಅದು ತಾಯಿ ಎಂಬ ಪದದಿಂದ ಬಂದದ್ದು. ನಮ್ಮ ಮಾತೃಕೆಯಲ್ಲೂ ತಾಯಿಯೇ ಇದ್ದಾಳೆ. ಇಷ್ಟು ಹೊಂದುವ ಅನುವಾದ ಗಣಿತದಲ್ಲಿ ಅಪರೂಪ.

ರೋ ಯಾವುದು, ಕಾಲಂ ಯಾವುದು ಎಂದು ಗೊಂದಲವಾದರೆ ಮೊಳಕಾಲ್ಮೂರು ಸೀರೆಯ ಮಗ್ಗ ನೆನೆಯಿರಿ. ಉದ್ದಕ್ಕೆ ಬಿಗಿದಿರುವ ಹಾಸು ಕಾಲಂ, ಲಾಳಿ ಅಡ್ಡಕ್ಕೆ ಎಳೆದುಕೊಂಡು ಹೋಗುವ ಹೊಕ್ಕು ರೋ. ಮ್ಯಾಟ್ರಿಕ್ಸ್‌ನ ಅಳತೆ ಹೇಳುವಾಗ ಯಾವಾಗಲೂ ರೋ ಮೊದಲು, ಕಾಲಂ ಆಮೇಲೆ. ನಮ್ಮದು 3 × 4.

ಪರೀಕ್ಷೆಯಲ್ಲಿ ಇಂಗ್ಲಿಷ್‌ನಲ್ಲಿ ಬರೆಯಬೇಕಿದ್ದರೆ ವ್ಯಾಖ್ಯೆಗಳನ್ನು ಇಂಗ್ಲಿಷ್‌ನಲ್ಲೇ ಕಲಿಯಿರಿ, ಅರ್ಥವನ್ನು ಮಾತ್ರ ಕನ್ನಡದಲ್ಲಿ ನಿಮಗೆ ನೀವೇ ಹೇಳಿಕೊಳ್ಳಿ. ದುರ್ಗದಿಂದ ದಾವಣಗೆರೆಗೆ ದಿನವೂ ಓಡಾಡುವವರಿಗೆ ಬಸ್ಸಿನಲ್ಲಿ ಒಂದು ಗಂಟೆಯ ಮೇಲೆ ಸಮಯ ಸಿಗುತ್ತದೆ. ಲೆಕ್ಕ ಬಿಡಿಸಲು ಬಸ್ಸು ಒಳ್ಳೆಯ ಜಾಗವಲ್ಲ, ವ್ಯಾಖ್ಯೆ ನೆನಪು ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಹಂತ 2: ರೋ ರಿಡಕ್ಷನ್ ಕೈಗೆ ಹತ್ತಲಿ

ರೋ ರಿಡಕ್ಷನ್ ಅಂದರೆ ಅಡ್ಡಸಾಲುಗಳ ಮೇಲೆ ಮೂರೇ ಬಗೆಯ ಕೆಲಸ ಮಾಡುತ್ತಾ ಮ್ಯಾಟ್ರಿಕ್ಸ್ ಅನ್ನು ಸರಳ ಮಾಡುವುದು: ಎರಡು ರೋಗಳನ್ನು ಅದಲುಬದಲು ಮಾಡುವುದು, ಒಂದು ರೋವನ್ನು ಸೊನ್ನೆಯಲ್ಲದ ಸಂಖ್ಯೆಯಿಂದ ಗುಣಿಸುವುದು, ಒಂದು ರೋಗೆ ಇನ್ನೊಂದರ ಗುಣಕವನ್ನು ಸೇರಿಸುವುದು. ನಮ್ಮ ಮ್ಯಾಟ್ರಿಕ್ಸ್‌ಗೆ ಮಾಡೋಣ.

ರೋ 2ರಿಂದ ರೋ 1ರ ಎರಡರಷ್ಟನ್ನು ಕಳೆಯಿರಿ: 0 0 1 2.
ರೋ 3ರಿಂದ ರೋ 1ರ ಮೂರರಷ್ಟನ್ನು ಕಳೆಯಿರಿ: 0 0 1 2.
ಈಗ ರೋ 3ರಿಂದ ರೋ 2 ಕಳೆಯಿರಿ: 0 0 0 0.
ಕೊನೆಗೆ ರೋ 1ರಿಂದ ರೋ 2 ಕಳೆಯಿರಿ: 1 2 0 1.

ಉಳಿದದ್ದು:

1  2  0  1
0  0  1  2
0  0  0  0

ಪ್ರತಿ ರೋನಲ್ಲಿ ಎಡದಿಂದ ಮೊದಲು ಸಿಗುವ, ಸೊನ್ನೆಯಲ್ಲದ ಸಂಖ್ಯೆಗೆ ಪಿವಟ್ ಎನ್ನುತ್ತಾರೆ. ಇಲ್ಲಿ ಪಿವಟ್‌ಗಳು ಮೊದಲನೆಯ ಮತ್ತು ಮೂರನೆಯ ಕಾಲಂಗಳಲ್ಲಿವೆ. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದೆ ಐದಾರು ಪ್ರಶ್ನೆಗಳಿಗೆ ಇದೇ ಉತ್ತರ ಕೊಡುತ್ತದೆ.

ಈ ಹಂತದಲ್ಲಿ ಆಗುವ ತಪ್ಪುಗಳು ಹೆಚ್ಚಿನವು ಲೆಕ್ಕಾಚಾರದ್ದಲ್ಲ, ಕ್ರಮದ್ದು.

ಒಂದು: ಎರಡು ಬದಲಾವಣೆಗಳನ್ನು ಹಳೆಯ ರೋಗಳನ್ನೇ ಇಟ್ಟುಕೊಂಡು ಒಟ್ಟಿಗೆ ಮಾಡುವುದು. (1, 2) ಮತ್ತು (3, 4) ಎಂಬ ಎರಡು ರೋಗಳಿವೆ ಎನ್ನಿ. “ರೋ 1ಕ್ಕೆ ರೋ 2 ಸೇರಿಸು, ರೋ 2ಕ್ಕೆ ರೋ 1 ಸೇರಿಸು” ಎಂದು ಒಂದೇ ಏಟಿಗೆ ಬರೆದರೆ ಎರಡೂ (4, 6) ಆಗುತ್ತವೆ. ಇದ್ದ ಎರಡು ಮಾಹಿತಿಗಳಲ್ಲಿ ಒಂದು ಅಲ್ಲೇ ಕಳೆದುಹೋಯಿತು. ಒಂದು ರೋ ಬದಲಾದ ತಕ್ಷಣ ಹೊಸ ರೋವನ್ನೇ ಬಳಸಿ, ಏನು ಮಾಡಿದಿರೆಂದು ಪಕ್ಕದಲ್ಲಿ ಬರೆಯಿರಿ.

ಎರಡು: ಡಿಟರ್ಮಿನೆಂಟ್ ತೆಗೆಯುವಾಗ ಭಿನ್ನರಾಶಿ ತಪ್ಪಿಸಲು “2 × ರೋ 2 − 3 × ರೋ 1” ಎಂದು ಮಾಡುವುದು. ಸಮೀಕರಣ ಬಿಡಿಸುವಾಗ ಇದಕ್ಕೆ ಅಡ್ಡಿಯಿಲ್ಲ. ಡಿಟರ್ಮಿನೆಂಟ್‌ನಲ್ಲಿ ಮಾತ್ರ ಉತ್ತರ ಎರಡರಷ್ಟಾಗುತ್ತದೆ. (2, 1), (3, 5) ರೋಗಳ ಡಿಟರ್ಮಿನೆಂಟ್ 10 − 3 = 7. ಮೇಲಿನ ಕೆಲಸ ಮಾಡಿದರೆ ಎರಡನೆಯ ರೋ (0, 7) ಆಗಿ, ಕರ್ಣದ ಗುಣಲಬ್ಧ 14 ಬರುತ್ತದೆ. ಕೊನೆಯಲ್ಲಿ 2ರಿಂದ ಭಾಗಿಸಲು ಮರೆತರೆ ಇಡೀ ಲೆಕ್ಕ ಹೋಯಿತು. ಹಾಗೆಯೇ ರೋ ಅದಲುಬದಲು ಮಾಡಿದಾಗಲೆಲ್ಲ ಚಿಹ್ನೆ ಬದಲಾಗುತ್ತದೆ.

ಮೂರು: ಸಮೀಕರಣ ಬಿಡಿಸುವಾಗ ಕಾಲಂಗಳ ಮೇಲೆ ಕೈ ಹಾಕುವುದು. ರ‍್ಯಾಂಕ್ (ಪಿವಟ್‌ಗಳ ಸಂಖ್ಯೆ) ಮಾತ್ರ ಕೇಳಿದ್ದರೆ ಕಾಲಂ ಆಪರೇಷನ್ ನಡೆಯುತ್ತದೆ, ಸಮೀಕರಣದಲ್ಲಿ ನಡೆಯುವುದಿಲ್ಲ. ಕಾಲಂ ಬದಲಿಸಿದರೆ ಅಜ್ಞಾತಗಳೇ ಬದಲಾದಂತೆ.

ಪರೀಕ್ಷೆಯಲ್ಲಿ ತಪ್ಪದೆ ಬರುವ ಒಂದು ಬಗೆ ಇದೆ: ಲ್ಯಾಮ್ಡಾ, ಮ್ಯೂ ಕೊಟ್ಟು “ಯಾವಾಗ ಒಂದೇ ಪರಿಹಾರ, ಯಾವಾಗ ಅನಂತ, ಯಾವಾಗ ಇಲ್ಲವೇ ಇಲ್ಲ” ಎಂದು ಕೇಳುವುದು. ಈ ಮೂರು ಸಮೀಕರಣಗಳನ್ನು ತೆಗೆದುಕೊಳ್ಳಿ:

1  1  1 | 4
1  2  3 | 7
1  3  ಲ್ಯಾಮ್ಡಾ | ಮ್ಯೂ

ರೋ 2 ಮತ್ತು 3ರಿಂದ ರೋ 1 ಕಳೆದು, ಆಮೇಲೆ ರೋ 3ರಿಂದ ಹೊಸ ರೋ 2ರ ಎರಡರಷ್ಟನ್ನು ಕಳೆದರೆ ಕೊನೆಯ ರೋ ಹೀಗೆ ನಿಲ್ಲುತ್ತದೆ: 0, 0, ಲ್ಯಾಮ್ಡಾ − 5 | ಮ್ಯೂ − 10. ಇಲ್ಲಿಗೆ ಬಂದ ಮೇಲೆ ಲ್ಯಾಮ್ಡಾ − 5ರಿಂದ ಭಾಗಿಸಲು ಆತುರ ಪಡಬೇಡಿ. ಅದು ಸೊನ್ನೆಯಾಗಬಹುದು, ಪ್ರಶ್ನೆ ಕೇಳಿರುವುದೇ ಅದನ್ನು. ಲ್ಯಾಮ್ಡಾ 5 ಅಲ್ಲದಿದ್ದರೆ ಒಂದೇ ಪರಿಹಾರ, ಮ್ಯೂ ಏನಿದ್ದರೂ ಸರಿ. ಲ್ಯಾಮ್ಡಾ 5, ಮ್ಯೂ 10 ಆದರೆ ಅನಂತ ಪರಿಹಾರ. ಲ್ಯಾಮ್ಡಾ 5 ಇದ್ದು ಮ್ಯೂ 10 ಅಲ್ಲದಿದ್ದರೆ ಪರಿಹಾರವಿಲ್ಲ. “ಮ್ಯೂ ಏನಿದ್ದರೂ” ಎಂಬ ಮಾತನ್ನು ಬರೆಯದೆ ಅಂಕ ಕಳೆದುಕೊಳ್ಳುವವರು ಬಹಳ.

ಈ ಹಂತಕ್ಕೆ ಎರಡು ವಾರ ಕೊಡಿ. ದಿನಕ್ಕೆ ಮೂರು ಮ್ಯಾಟ್ರಿಕ್ಸ್ ಸಾಕು. ಆದರೆ ಪ್ರತಿಯೊಂದರ ಉತ್ತರವನ್ನೂ ಮೂಲ ಸಮೀಕರಣಕ್ಕೆ ಹಾಕಿ ತಾಳೆ ನೋಡಿಯೇ ಮುಂದಿನದಕ್ಕೆ ಹೋಗಿ.

ಹಂತ 3: ಕಾಲಂ ಕಡೆಯಿಂದ ನೋಡಲು ಕಲಿಯಿರಿ

ಮೊದಲ ಭಾಗದಿಂದ ಎರಡನೆಯದಕ್ಕೆ ದಾಟುವ ಸೇತುವೆ ಇದೇ. ಬಹಳ ಮಂದಿ ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ.

ಒಂದು ಬೆಣ್ಣೆ ದೋಸೆಗೆ 100 ಗ್ರಾಂ ಹಿಟ್ಟು, 20 ಗ್ರಾಂ ಬೆಣ್ಣೆ ಬೇಕು ಎಂದಿಟ್ಟುಕೊಳ್ಳಿ. ಒಂದು ಖಾಲಿ ದೋಸೆಗೆ 120 ಗ್ರಾಂ ಹಿಟ್ಟು, 5 ಗ್ರಾಂ ಬೆಣ್ಣೆ. (ಲೆಕ್ಕಕ್ಕಾಗಿ ಹಾಕಿದ ಅಂಕಿಗಳಿವು, ದಾವಣಗೆರೆಯಲ್ಲಿ 20 ಗ್ರಾಂ ಬೆಣ್ಣೆಗೆ ಯಾರೂ ಒಪ್ಪಲಾರರು.) ಮ್ಯಾಟ್ರಿಕ್ಸ್ ಹೀಗಾಯಿತು:

100  120
20  5

ಮೊದಲ ಕಾಲಂ ಬೆಣ್ಣೆ ದೋಸೆ, ಎರಡನೆಯದು ಖಾಲಿ ದೋಸೆ. 10 ಬೆಣ್ಣೆ ದೋಸೆ, 4 ಖಾಲಿ ದೋಸೆಗೆ ಬೇಕಾದದ್ದು: ಮೊದಲ ಕಾಲಂನ ಹತ್ತರಷ್ಟು, ಎರಡನೆಯದರ ನಾಲ್ಕರಷ್ಟು ಸೇರಿಸಿ 1480 ಗ್ರಾಂ ಹಿಟ್ಟು, 220 ಗ್ರಾಂ ಬೆಣ್ಣೆ. ಮ್ಯಾಟ್ರಿಕ್ಸ್ ಅನ್ನು ವೆಕ್ಟರ್‌ನಿಂದ ಗುಣಿಸುವುದು ಅಂದರೆ ಇಷ್ಟೇ: ಕಾಲಂಗಳನ್ನು ಬೇಕಾದಷ್ಟು ಪಾಲು ತೆಗೆದುಕೊಂಡು ಕೂಡಿಸುವುದು. ಹೀಗೆ ಕೂಡಿಸಿದ್ದಕ್ಕೆ ಲೀನಿಯರ್ ಕಾಂಬಿನೇಷನ್ ಎಂದು ಹೆಸರು. ಕೂಡಿಸಿ ಏನೇನು ತಲುಪಬಹುದೋ ಅದೆಲ್ಲ ಸೇರಿ ಸ್ಪ್ಯಾನ್.

ಈಗ “ಈ ಸಮೀಕರಣಕ್ಕೆ ಪರಿಹಾರ ಇದೆಯೇ?” ಎಂಬ ಪ್ರಶ್ನೆ “ಬಲಗಡೆಯ ವೆಕ್ಟರ್ ಕಾಲಂಗಳ ಸ್ಪ್ಯಾನ್‌ನಲ್ಲಿ ಇದೆಯೇ?” ಎಂದಾಯಿತು. ನಮ್ಮ ಮ್ಯಾಟ್ರಿಕ್ಸ್‌ನಲ್ಲಿ ಮೂರನೆಯ ರೋ ಮೊದಲೆರಡರ ಮೊತ್ತ. ಆದ್ದರಿಂದ ಬಲಗಡೆಯ ಮೂರನೆಯ ಅಂಕಿಯೂ ಮೊದಲೆರಡರ ಮೊತ್ತವಾಗಿದ್ದರೆ ಮಾತ್ರ ಪರಿಹಾರ ಉಂಟು. (2, 5, 7) ಕೊಟ್ಟರೆ ಉಂಟು, (1, 1, 1) ಕೊಟ್ಟರೆ ಇಲ್ಲ.

ಹಂತ 4: ವ್ಯಾಖ್ಯೆಗೆ ಮೂರು ಸಾಲು

ಒಂದೊಂದು ಹೊಸ ಪದಕ್ಕೂ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ: ವ್ಯಾಖ್ಯೆ ಇದ್ದದ್ದು ಇದ್ದ ಹಾಗೆ, ಅದಕ್ಕೆ ಹೊಂದುವ ಒಂದು ಉದಾಹರಣೆ, ಹೊಂದದ ಒಂದು ಉದಾಹರಣೆ. ಮೂರನೆಯ ಸಾಲೇ ಮುಖ್ಯ. ಹೊಂದದ ಉದಾಹರಣೆ ಹೊಳೆಯದಿದ್ದರೆ ವ್ಯಾಖ್ಯೆ ಇನ್ನೂ ಅರ್ಥವಾಗಿಲ್ಲ.

ಸಬ್‌ಸ್ಪೇಸ್ ತೆಗೆದುಕೊಳ್ಳಿ. ವೆಕ್ಟರ್‌ಗಳ ಒಂದು ಗುಂಪು. ಅದರಲ್ಲಿ ಸೊನ್ನೆ ವೆಕ್ಟರ್ ಇರಬೇಕು, ಒಳಗಿನ ಎರಡನ್ನು ಕೂಡಿಸಿದರೆ ಒಳಗೇ ಉಳಿಯಬೇಕು, ಯಾವ ಸಂಖ್ಯೆಯಿಂದ ಗುಣಿಸಿದರೂ ಒಳಗೇ ಉಳಿಯಬೇಕು. “ಮೊದಲ ಅಂಕಿ + 2 × ಎರಡನೆಯ ಅಂಕಿ = 0” ಆಗುವ ಜೋಡಿಗಳು ಹೊಂದುತ್ತವೆ. ಬಲಗಡೆ 0 ಬದಲು 1 ಇಟ್ಟರೆ ಹೊಂದುವುದಿಲ್ಲ: (1, 0) ಮತ್ತು (−1, 1) ಎರಡೂ ಒಳಗಿವೆ, ಮೊತ್ತ (0, 1) ಹಾಕಿದರೆ 2 ಬರುತ್ತದೆ, ಅದು ಹೊರಗೆ.

ಇಲ್ಲೊಂದು ಎಚ್ಚರಿಕೆ. ಸಬ್‌ಸ್ಪೇಸ್ ಅಲ್ಲ ಎಂದು ತೋರಿಸಲು ಒಂದು ಉದಾಹರಣೆ ಸಾಕು. ಹೌದು ಎಂದು ತೋರಿಸಲು ನೂರು ಉದಾಹರಣೆ ಕೊಟ್ಟರೂ ಸಾಲದು. (2, −1) ಮತ್ತು (4, −2) ಕೂಡಿಸಿ “ಸಾಧಿತವಾಯಿತು” ಎಂದು ಬರೆದರೆ ಅಂಕವಿಲ್ಲ. ಯಾವುದೇ ಎರಡು ಜೋಡಿ (ಅ, ಬ), (ಕ, ಡ) ತೆಗೆದುಕೊಳ್ಳಿ; ಅ + 2ಬ = 0, ಕ + 2ಡ = 0 ಎಂದು ಬರೆಯಿರಿ; ಮೊತ್ತಕ್ಕೆ (ಅ + ಕ) + 2(ಬ + ಡ) = 0 + 0 = 0 ಎಂದು ತೋರಿಸಿ. ಗುಣಾಕಾರಕ್ಕೂ ಹೀಗೆಯೇ. ಮೂರು ಸಾಲಿನ ಕೆಲಸ.

ಹೆಚ್ಚು ಜನ ಎಡವುವುದು ಲೀನಿಯರ್ ಇಂಡಿಪೆಂಡೆನ್ಸ್‌ನಲ್ಲಿ. ವೆಕ್ಟರ್‌ಗಳಲ್ಲಿ ಯಾವುದೂ ಉಳಿದವುಗಳಿಂದ ಕೂಡಿಸಿ ಮಾಡುವಂಥದ್ದಲ್ಲ ಎಂಬುದು ಅದರ ಅರ್ಥ. ವ್ಯಾಖ್ಯೆ ಹೇಳುವುದು: ವೆಕ್ಟರ್‌ಗಳ ಕಾಂಬಿನೇಷನ್ ಸೊನ್ನೆಯಾದರೆ, ಆಗ ಗುಣಕಗಳೆಲ್ಲ ಸೊನ್ನೆ ಆಗಿರಲೇಬೇಕು. ವಿದ್ಯಾರ್ಥಿಗಳು ಇದನ್ನು ತಿರುಗಿಸಿ “ಗುಣಕಗಳೆಲ್ಲ ಸೊನ್ನೆಯಾದರೆ ಮೊತ್ತ ಸೊನ್ನೆ” ಎಂದು ಬರೆಯುತ್ತಾರೆ. ಅದು ಜಗತ್ತಿನ ಯಾವ ವೆಕ್ಟರ್‌ಗಳಿಗಾದರೂ ನಿಜ, ಏನನ್ನೂ ಹೇಳುವುದಿಲ್ಲ. ‘ಆದರೆ’, ‘ಆಗ’ ಎಂಬ ಎರಡು ಪದಗಳ ಜಾಗ ನೋಡಿಕೊಂಡು ಬರೆಯಿರಿ. ಇನ್ನೊಂದು: ಎರಡೆರಡಾಗಿ ನೋಡಿ ತೀರ್ಮಾನಿಸಬೇಡಿ. (1, 0), (0, 1), (1, 1) ಇವುಗಳಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಇಂಡಿಪೆಂಡೆಂಟ್. ಮೂರೂ ಸೇರಿದರೆ ಅಲ್ಲ.

ಹಂತ 5: ನಮ್ಮ ಮ್ಯಾಟ್ರಿಕ್ಸ್‌ಗೆ ಮರಳಿ

ಹಂತ 2ರಲ್ಲಿ ಸಿಕ್ಕ ಸರಳ ರೂಪವನ್ನು ಮುಂದಿಟ್ಟುಕೊಳ್ಳಿ. ಪಿವಟ್ ಎರಡು, ಆದ್ದರಿಂದ ರ‍್ಯಾಂಕ್ 2. ಪಿವಟ್ ಇಲ್ಲದ ಕಾಲಂಗಳು ಎರಡು, ಅಂದರೆ ಎರಡು ಅಜ್ಞಾತಗಳಿಗೆ ನಮಗಿಷ್ಟ ಬಂದ ಬೆಲೆ ಕೊಡಬಹುದು. ಇವಕ್ಕೆ ಫ್ರೀ ವೇರಿಯಬಲ್ ಎನ್ನುತ್ತಾರೆ.

ನಲ್ ಸ್ಪೇಸ್ ಅಂದರೆ ಮ್ಯಾಟ್ರಿಕ್ಸ್ ಯಾವ ವೆಕ್ಟರ್‌ಗಳನ್ನು ಸೊನ್ನೆಗೆ ಕಳಿಸುತ್ತದೋ ಅವುಗಳ ಗುಂಪು. ತೆಗೆಯುವ ವಿಧಾನ: ಒಂದು ಫ್ರೀ ವೇರಿಯಬಲ್‌ಗೆ 1, ಉಳಿದದ್ದಕ್ಕೆ 0 ಕೊಡಿ. ಎರಡನೆಯದಕ್ಕೆ 1, ನಾಲ್ಕನೆಯದಕ್ಕೆ 0 ಕೊಟ್ಟರೆ (−2, 1, 0, 0). ಎರಡನೆಯದಕ್ಕೆ 0, ನಾಲ್ಕನೆಯದಕ್ಕೆ 1 ಕೊಟ್ಟರೆ (−1, 0, −2, 1). ಮೂಲ ಮ್ಯಾಟ್ರಿಕ್ಸ್‌ನ ಮೂರನೆಯ ರೋಗೆ ಹಾಕಿ ನೋಡಿ: −3 + 0 − 8 + 11 = 0. ಸರಿಯಾಯಿತು. ಈ ತಾಳೆ ನೋಡಲು ಅರ್ಧ ನಿಮಿಷ ಸಾಕು, ಚಿಹ್ನೆಯ ತಪ್ಪು ಇದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಕಾಲಂ ಸ್ಪೇಸ್‌ಗೆ (ಕಾಲಂಗಳ ಸ್ಪ್ಯಾನ್‌ಗೆ) ಬೇಸಿಸ್ — ಅಂದರೆ ಇಡೀ ಸ್ಪೇಸನ್ನು ಕಟ್ಟಲು ಸಾಕಾಗುವಷ್ಟೇ, ಒಂದೂ ಹೆಚ್ಚಿಲ್ಲದ ವೆಕ್ಟರ್‌ಗಳು — ಬೇಕಾದರೆ ಪಿವಟ್ ಇರುವ ಕಾಲಂಗಳನ್ನು ಮೂಲ ಮ್ಯಾಟ್ರಿಕ್ಸ್‌ನಿಂದ ಎತ್ತಿಕೊಳ್ಳಿ: (1, 2, 3) ಮತ್ತು (1, 3, 4). ಸರಳ ರೂಪದಿಂದ (1, 0, 0), (0, 1, 0) ಎತ್ತಿಕೊಂಡರೆ ತಪ್ಪು. ಈ ಒಂದು ತಪ್ಪನ್ನು ಪ್ರತಿ ತರಗತಿಯಲ್ಲೂ ಅರ್ಧಕ್ಕರ್ಧ ಜನ ಒಮ್ಮೆಯಾದರೂ ಮಾಡುತ್ತಾರೆ. ಯಾಕೆ ತಪ್ಪು? ಆ ಎರಡರಿಂದ ಏನು ಕಟ್ಟಿದರೂ ಮೂರನೆಯ ಅಂಕಿ ಸೊನ್ನೆಯೇ. ನಮ್ಮ ನಾಲ್ಕನೆಯ ಕಾಲಂನಲ್ಲಿ ಮೂರನೆಯ ಅಂಕಿ 11 ಇದೆ. ರೋ ಆಪರೇಷನ್ ಕಾಲಂ ಸ್ಪೇಸನ್ನು ಬದಲಿಸಿಬಿಡುತ್ತದೆ, ಆದರೆ ಕಾಲಂಗಳ ನಡುವಿನ ಸಂಬಂಧವನ್ನು ಬದಲಿಸುವುದಿಲ್ಲ. ಸರಳ ರೂಪದಲ್ಲಿ ನಾಲ್ಕನೆಯ ಕಾಲಂ = ಮೊದಲನೆಯದು + ಮೂರನೆಯದರ ಎರಡರಷ್ಟು. ಮೂಲದಲ್ಲೂ ಅದೇ: (1 + 2, 2 + 6, 3 + 8) = (3, 8, 11). ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಿದವರು ಮತ್ತೆ ಆ ತಪ್ಪು ಮಾಡುವುದಿಲ್ಲ.

ರೋ ಸ್ಪೇಸ್‌ನ ಕತೆ ಬೇರೆ. ರೋ ಆಪರೇಷನ್ ಅದನ್ನು ಬದಲಿಸುವುದಿಲ್ಲವಾದ್ದರಿಂದ ಸರಳ ರೂಪದ (1, 2, 0, 1), (0, 0, 1, 2) ನೇರವಾಗಿ ಬರೆಯಬಹುದು.

ರ‍್ಯಾಂಕ್–ನಲಿಟಿ ಪ್ರಮೇಯಕ್ಕೆ (ನಲಿಟಿ ಅಂದರೆ ಫ್ರೀ ವೇರಿಯಬಲ್‌ಗಳ ಸಂಖ್ಯೆ) ಬೇರೆ ಪುಟವೇ ಬೇಕಿಲ್ಲ. ಪಿವಟ್ ಇರುವ ಕಾಲಂ 2, ಇಲ್ಲದ ಕಾಲಂ 2, ಒಟ್ಟು 4. ಮೊತ್ತ ಕಾಲಂಗಳ ಸಂಖ್ಯೆಗೆ ಸಮ, ರೋಗಳ ಸಂಖ್ಯೆಗಲ್ಲ. ಚೌಕ ಮ್ಯಾಟ್ರಿಕ್ಸ್‌ಗಳಲ್ಲೇ ಅಭ್ಯಾಸ ಮಾಡಿದವರಿಗೆ ಈ ವ್ಯತ್ಯಾಸ ಗಮನಕ್ಕೆ ಬರುವುದಿಲ್ಲ, ಅದಕ್ಕೇ 3 × 4 ಆರಿಸಿದ್ದು.

ಹಂತ 6: ಲೀನಿಯರ್ ಟ್ರಾನ್ಸ್‌ಫರ್ಮೇಷನ್

ಕೂಡಿಸುವುದನ್ನೂ ಸಂಖ್ಯೆಯಿಂದ ಗುಣಿಸುವುದನ್ನೂ ಕೆಡಿಸದೆ ಒಂದು ವೆಕ್ಟರನ್ನು ಇನ್ನೊಂದಕ್ಕೆ ಕಳಿಸುವ ನಿಯಮ ಇದು. ಇದಕ್ಕೆ ಹೆಚ್ಚು ಸಮಯ ಬೇಡ, ಹಂತ 3 ಗಟ್ಟಿಯಾಗಿದ್ದರೆ. ಬೇಸಿಸ್‌ನ ಒಂದೊಂದು ವೆಕ್ಟರ್ ಎಲ್ಲಿಗೆ ಹೋಗುತ್ತದೆ ಎಂದು ಕಂಡುಹಿಡಿದು ಅದನ್ನೇ ಕಾಲಂ ಆಗಿ ಬರೆದರೆ ಮ್ಯಾಟ್ರಿಕ್ಸ್ ಸಿದ್ಧ. ಗಡಿಯಾರದ ಎದುರು ದಿಕ್ಕಿಗೆ 90 ಡಿಗ್ರಿ ತಿರುಗಿಸುವಾಗ (1, 0) ಹೋಗುವುದು (0, 1)ಕ್ಕೆ, (0, 1) ಹೋಗುವುದು (−1, 0)ಕ್ಕೆ. ಇವೆರಡೇ ಕಾಲಂಗಳು. ರೋ ಆಗಿ ಬರೆದರೆ ತಿರುಗುವ ದಿಕ್ಕೇ ಉಲ್ಟಾ ಆಗುತ್ತದೆ.

ಹೈಸ್ಕೂಲಿನಲ್ಲಿ ಸರಳರೇಖೆಯ ಸಮೀಕರಣವೆಲ್ಲ ಲೀನಿಯರ್ ಅಂದುಕೊಂಡಿದ್ದೆವು. ಇಲ್ಲಿ ಹಾಗಲ್ಲ. ಕೊನೆಗೊಂದು ಸ್ಥಿರಾಂಕ ಕೂಡಿಸಿದರೆ ಸೊನ್ನೆ ಸೊನ್ನೆಗೆ ಹೋಗುವುದಿಲ್ಲ, ಹಾಗಾಗಿ ಅದು ಲೀನಿಯರ್ ಅಲ್ಲ.

ಹಂತ 7: ಐಗನ್‌ವ್ಯಾಲ್ಯೂ

ಐಗನ್ ಜರ್ಮನ್ ಪದ, ‘ಸ್ವಂತ’ ಎಂದರ್ಥ. ಮ್ಯಾಟ್ರಿಕ್ಸ್ ಹಚ್ಚಿದರೂ ತಾನಿರುವ ಗೆರೆ ಬಿಟ್ಟು ಹೋಗದ, ಸೊನ್ನೆಯಲ್ಲದ ವೆಕ್ಟರ್ ಐಗನ್‌ವೆಕ್ಟರ್. ಅದು ಎಷ್ಟು ಪಟ್ಟು ಹಿಗ್ಗಿತು ಅಥವಾ ಕುಗ್ಗಿತು ಎಂಬುದು ಐಗನ್‌ವ್ಯಾಲ್ಯೂ.

ಹೀಗೊಂದು ಕಲ್ಪನೆ ಮಾಡಿ. ಬಾಡಿಗೆ ಕಾರಿನ ಒಂದು ಸಂಸ್ಥೆಗೆ ದಾವಣಗೆರೆ, ಚಿತ್ರದುರ್ಗ ಎರಡರಲ್ಲೂ ನಿಲ್ದಾಣವಿದೆ. ದಾವಣಗೆರೆಯ ಕಾರುಗಳಲ್ಲಿ ದಿನಕ್ಕೆ ಶೇ. 80 ಅಲ್ಲೇ ಉಳಿಯುತ್ತವೆ, ಶೇ. 20 ದುರ್ಗ ಸೇರುತ್ತವೆ. ದುರ್ಗದಲ್ಲಿ ಶೇ. 70 ಉಳಿದು ಶೇ. 30 ದಾವಣಗೆರೆಗೆ ಬರುತ್ತವೆ:

0.8  0.3
0.2  0.7

ಐಗನ್‌ವ್ಯಾಲ್ಯೂಗಳ ಮೊತ್ತ ಕರ್ಣದ ಮೊತ್ತಕ್ಕೆ ಸಮ, ಗುಣಲಬ್ಧ ಡಿಟರ್ಮಿನೆಂಟ್‌ಗೆ ಸಮ. ಇಲ್ಲಿ ಕರ್ಣದ ಮೊತ್ತ 1.5, ಡಿಟರ್ಮಿನೆಂಟ್ 0.56 − 0.06 = 0.5. ಮೊತ್ತ 1.5, ಗುಣಲಬ್ಧ 0.5 ಬರುವ ಎರಡು ಸಂಖ್ಯೆಗಳು 1 ಮತ್ತು 0.5. ಇವೇ ಐಗನ್‌ವ್ಯಾಲ್ಯೂಗಳು. 1ರ ವೆಕ್ಟರ್ (3, 2), 0.5ರದ್ದು (1, −1).

ಎಲ್ಲ 100 ಕಾರುಗಳೂ ದಾವಣಗೆರೆಯಲ್ಲಿವೆ ಎಂದು ಶುರುಮಾಡಿ. (100, 0) ಅಂದರೆ (60, 40)ಕ್ಕೆ (1, −1)ರ 40ರಷ್ಟು ಸೇರಿಸಿದ್ದು. ದಿನ ಕಳೆದಂತೆ ಮೊದಲ ಭಾಗ ಹಾಗೇ ಉಳಿಯುತ್ತದೆ, ಎರಡನೆಯದು ಪ್ರತಿದಿನ ಅರ್ಧವಾಗುತ್ತದೆ. ದಾವಣಗೆರೆಯಲ್ಲಿ ಮರುದಿನ 80, ಆಮೇಲೆ 70, ಆಮೇಲೆ 65. ಕೊನೆಗೆ 60ರ ಹತ್ತಿರ ನಿಲ್ಲುತ್ತದೆ. ಮ್ಯಾಟ್ರಿಕ್ಸ್ ಅನ್ನು ಹತ್ತು ಸಲ ಗುಣಿಸುವ ಕೆಲಸ ತಪ್ಪಿತು. ಡಯಾಗನಲೈಸೇಷನ್ ಎಂದು ಪುಸ್ತಕದಲ್ಲಿ ಅರ್ಧ ಅಧ್ಯಾಯ ಬರುವುದು ಇದೇ. ಎಂಜಿನಿಯರಿಂಗ್‌ನವರ ರೇಲಿ ಪವರ್ ಮೆಥಡ್ ಕೂಡ ಇದೇ ತತ್ವ: ಗುಣಿಸುತ್ತಾ ಹೋದರೆ ದೊಡ್ಡ ಐಗನ್‌ವ್ಯಾಲ್ಯೂನ ದಿಕ್ಕು ಮಾತ್ರ ಉಳಿಯುತ್ತದೆ.

ಇಲ್ಲಿನ ದೊಡ್ಡ ಗುಂಡಿ: ಮ್ಯಾಟ್ರಿಕ್ಸ್‌ಗೆ ಮೊದಲು ರೋ ರಿಡಕ್ಷನ್ ಮಾಡಿ, ಕರ್ಣದ ಅಂಕಿಗಳೇ ಐಗನ್‌ವ್ಯಾಲ್ಯೂ ಎಂದು ಬರೆಯುವುದು. ಮೇಲಿನದನ್ನೇ ಹತ್ತರಿಂದ ಗುಣಿಸಿ (8, 3), (2, 7) ರೋಗಳನ್ನು ತೆಗೆದುಕೊಳ್ಳಿ. ಐಗನ್‌ವ್ಯಾಲ್ಯೂ 10 ಮತ್ತು 5. ರೋ 2ರಿಂದ ರೋ 1ರ ಕಾಲು ಭಾಗ ಕಳೆದರೆ ಕರ್ಣದಲ್ಲಿ 8 ಮತ್ತು 6.25. ಗುಣಲಬ್ಧ ಎರಡೂ ಕಡೆ 50 ಆದ್ದರಿಂದ ತಾಳೆ ಬಿದ್ದ ಹಾಗೆ ಕಾಣುತ್ತದೆ, ಆದರೆ ಉತ್ತರ ತಪ್ಪು. ಮೊತ್ತವನ್ನೂ ನೋಡಿ: 15 ಬರಬೇಕಿತ್ತು, 14.25 ಬಂತು. ಐಗನ್‌ವ್ಯಾಲ್ಯೂ ಸಿಕ್ಕಾಗಲೆಲ್ಲ ಮೊತ್ತ, ಗುಣಲಬ್ಧ ಎರಡನ್ನೂ ತಾಳೆ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಇದೇ ಮ್ಯಾಟ್ರಿಕ್ಸ್‌ನಲ್ಲಿ ಕೇಲಿ–ಹ್ಯಾಮಿಲ್ಟನ್ ಪ್ರಮೇಯವನ್ನೂ (ಐಗನ್‌ವ್ಯಾಲ್ಯೂ ಕೊಡುವ ಸಮೀಕರಣಕ್ಕೆ ಮ್ಯಾಟ್ರಿಕ್ಸ್ ತಾನೇ ಹೊಂದುತ್ತದೆ ಎನ್ನುವುದನ್ನು) ಮಾಡಿಬಿಡಿ. ಲ್ಯಾಮ್ಡಾ ವರ್ಗ − 15 ಲ್ಯಾಮ್ಡಾ + 50 = 0 ಎಂಬ ಸಮೀಕರಣದಲ್ಲಿ ಲ್ಯಾಮ್ಡಾ ಜಾಗಕ್ಕೆ ಮ್ಯಾಟ್ರಿಕ್ಸ್ ಹಾಕುವಾಗ 50ರ ಪಕ್ಕ ಐಡೆಂಟಿಟಿ ಮ್ಯಾಟ್ರಿಕ್ಸ್ ಬರೆಯುವುದು ಮರೆಯಬೇಡಿ. ಅಲ್ಲಿಂದ ಇನ್ವರ್ಸ್ ಕೂಡ ಬರುತ್ತದೆ: (7, −3), (−2, 8) ರೋಗಳನ್ನು 50ರಿಂದ ಭಾಗಿಸಿದ್ದು.

ಎಲ್ಲ ಮ್ಯಾಟ್ರಿಕ್ಸ್‌ಗಳೂ ಡಯಾಗನಲ್ ಆಗುವುದಿಲ್ಲ. (1, 1), (0, 1) ರೋಗಳ ಮ್ಯಾಟ್ರಿಕ್ಸ್‌ಗೆ ಐಗನ್‌ವ್ಯಾಲ್ಯೂ 1 ಎರಡು ಸಲ ಬರುತ್ತದೆ, ಆದರೆ ಐಗನ್‌ವೆಕ್ಟರ್ ದಿಕ್ಕು ಒಂದೇ. ಮೂರು ಸಾಲಿನ ನೋಟ್‌ನಲ್ಲಿ ಮೂರನೆಯ ಸಾಲಿಗೆ ಇದನ್ನೇ ಬರೆದುಕೊಳ್ಳಿ.

ಹಂತ 8: ಬಿಡಿ ವಿಧಾನಗಳು

ಗ್ರಾಂ–ಶ್ಮಿಟ್‌ನಲ್ಲಿ (ವೆಕ್ಟರ್‌ಗಳನ್ನು ಒಂದಕ್ಕೊಂದು ಲಂಬವಾಗಿಸುವ ವಿಧಾನ) ಒಂದೇ ಎಚ್ಚರಿಕೆ. ಕಳೆಯಬೇಕಾದ ಪಾಲು ತೆಗೆಯುವಾಗ ಉದ್ದದ ವರ್ಗದಿಂದ ಭಾಗಿಸಬೇಕು, ಉದ್ದದಿಂದಲ್ಲ. (1, 1, 0), (1, 0, 1) ಕೊಟ್ಟರೆ ಎರಡನೆಯದರಿಂದ ಮೊದಲನೆಯದರ ಅರ್ಧ ಕಳೆದು (½, −½, 1). ಎರಡರ ಡಾಟ್ ಪ್ರಾಡಕ್ಟ್ ಸೊನ್ನೆ ಬಂತೇ ನೋಡಿ. ಉದ್ದವನ್ನು 1 ಮಾಡುವ ಕೆಲಸ ಕೊನೆಗಿರಲಿ, ವರ್ಗಮೂಲಗಳು ಮಧ್ಯೆ ಬಂದರೆ ಲೆಕ್ಕ ಕೆಡುತ್ತದೆ.

ಗಾಸ್–ಸೈಡಲ್ (ಅಂದಾಜು ಉತ್ತರವನ್ನು ಸುತ್ತು ಸುತ್ತಾಗಿ ತಿದ್ದುತ್ತಾ ಸಮೀಕರಣ ಬಿಡಿಸುವ ವಿಧಾನ) ಮಾಡುವವರು ಶುರುವಿಗೆ ಮುಂಚೆ ಸಮೀಕರಣಗಳ ಕ್ರಮ ನೋಡಿ. ಪ್ರತಿ ರೋನಲ್ಲೂ ಮೈನಸ್ ಚಿಹ್ನೆಗಳನ್ನು ಬಿಟ್ಟು ನೋಡಿದಾಗ ಕರ್ಣದ ಅಂಕಿ ಉಳಿದವುಗಳ ಮೊತ್ತಕ್ಕಿಂತ ದೊಡ್ಡದಿದ್ದರೆ ಉತ್ತರ ಖಂಡಿತ ಹತ್ತಿರ ಬರುತ್ತದೆ. “1  5 | 11” ಮತ್ತು “4  1 | 6” ಇವನ್ನು ಇದ್ದ ಹಾಗೇ ಶುರುಮಾಡಿದರೆ ಮೊದಲ ಸುತ್ತಿನಲ್ಲೇ 11, −38 ಬಂದು ಓಡಿಹೋಗುತ್ತದೆ. ಮೇಲೆ ಕೆಳಗೆ ಮಾಡಿ ಶುರುಮಾಡಿದರೆ 1.5, 1.9, ಮುಂದಿನ ಸುತ್ತಿಗೆ 1.025, 1.995. ಸರಿಯುತ್ತರ 1 ಮತ್ತು 2.

ಹಂತ 9: ಕಂಪ್ಯೂಟರ್ ಮತ್ತು ಪರೀಕ್ಷೆ

ಆಕ್ಟೇವ್ ಉಚಿತ ತಂತ್ರಾಂಶ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಕೈಯಲ್ಲಿ ಮಾಡಿದ ಮೇಲೆ ತಾಳೆ ನೋಡಲು ಬಳಸಿ, ಮೊದಲೇ ಅಲ್ಲ. ಅದು ಕೊಡುವ ಐಗನ್‌ವೆಕ್ಟರ್ ನಿಮ್ಮದಕ್ಕೆ ಹೊಂದದಿದ್ದರೆ ಗಾಬರಿ ಬೇಡ. ಅದು ಉದ್ದವನ್ನು 1 ಮಾಡಿ ಕೊಡುತ್ತದೆ: ನಮ್ಮ (3, 2) ಅಲ್ಲಿ 0.8321, 0.5547 ಎಂದು ಕಾಣಬಹುದು, ಕೆಲವೊಮ್ಮೆ ಎರಡಕ್ಕೂ ಮೈನಸ್ ಇರಬಹುದು. ಭಾಗಿಸಿ ನೋಡಿ, ಅನುಪಾತ ಒಂದೇ ಇದ್ದರೆ ಉತ್ತರ ಒಂದೇ. ಉಪನ್ಯಾಸ ಬೇಕಿದ್ದರೆ ಐಐಟಿಗಳ ಆನ್‌ಲೈನ್ ಪಾಠತಾಣವಾದ ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಪೆನ್ನು ಹಿಡಿಯದೆ ನೋಡಿದ ಉಪನ್ಯಾಸ ಮಾತ್ರ ಈ ವಿಷಯದಲ್ಲಿ ಉಳಿಯುವುದಿಲ್ಲ.

ತರಗತಿ ಆದ ದಿನವೇ ಸಂಜೆ ಇಪ್ಪತ್ತು ನಿಮಿಷ, ನೋಟ್ಸ್ ಮುಚ್ಚಿಟ್ಟು ಆ ದಿನದ ಒಂದು ಲೆಕ್ಕವನ್ನು ಮತ್ತೆ ಬಿಡಿಸಿ. ಭಾನುವಾರ ಎರಡು ಗಂಟೆ ಹಳೆಯ ಪ್ರಶ್ನೆಪತ್ರಿಕೆ. ಬಿ.ಎಸ್ಸಿ.ಯವರು ಪ್ರಮೇಯಗಳನ್ನು ಬರೆದೇ ಅಭ್ಯಾಸ ಮಾಡಿ, ಓದಿದರೆ ಸಾಲದು. ಬ್ಯಾಕ್‌ಲಾಗ್ ಉಳಿಸಿಕೊಂಡವರು ಎಲ್ಲವನ್ನೂ ಮೊದಲಿಂದ ಓದಬೇಕಿಲ್ಲ. ಹಂತ 2 ಮತ್ತು 5ನ್ನು ಒಂದು ವಾರ ಗಟ್ಟಿ ಮಾಡಿ, ಆಮೇಲೆ 7ಕ್ಕೆ ಬನ್ನಿ, 4ನ್ನು ಕೊನೆಗೆ ಇಟ್ಟುಕೊಳ್ಳಿ.

ಉತ್ತರಪತ್ರಿಕೆಯಲ್ಲಿ ಪ್ರತಿ ರೋ ಆಪರೇಷನ್ ಪಕ್ಕದಲ್ಲಿ ಏನು ಮಾಡಿದಿರೆಂದು ಬರೆಯಿರಿ. ಮಧ್ಯೆ ಒಂದು ಅಂಕಿ ತಪ್ಪಾಗಿದ್ದರೂ ವಿಧಾನ ಕಂಡರೆ ಮೌಲ್ಯಮಾಪಕರು ಅಷ್ಟಕ್ಕಾದರೂ ಅಂಕ ಕೊಡಬಹುದು. ಬರೀ ಮ್ಯಾಟ್ರಿಕ್ಸ್‌ಗಳ ಸಾಲು ಇದ್ದರೆ ಎಲ್ಲಿ ತಪ್ಪಿತೆಂದು ಅವರಿಗೂ ತಿಳಿಯುವುದಿಲ್ಲ. ಕೊನೆಯ ಹತ್ತು ನಿಮಿಷ ಹೊಸ ಪ್ರಶ್ನೆ ಮುಟ್ಟಬೇಡಿ. ಬಿಡಿಸಿದ ಸಮೀಕರಣಗಳ ಉತ್ತರವನ್ನು ಮೂಲಕ್ಕೆ ಹಾಕಿ, ಐಗನ್‌ವ್ಯಾಲ್ಯೂಗಳ ಮೊತ್ತವನ್ನು ಕರ್ಣಕ್ಕೆ ಹೋಲಿಸಿ, ಕಾಲಂ ಸ್ಪೇಸ್‌ನ ಬೇಸಿಸ್ ಮೂಲ ಮ್ಯಾಟ್ರಿಕ್ಸ್‌ನಿಂದಲೇ ಬಂದಿದೆಯೇ ಎಂದು ಇನ್ನೊಮ್ಮೆ ನೋಡಿ.